ಗೊರಸಿನ ಗುಂಡಿ ತೆಗೆದ ಬೆಟ್ಟದ ಪಟ

ಎಮ್ಮೆಯ ಗೊರಸು ಊರಿದ ಗುಂಡಿಯಲ್ಲಿ ಒಂದು ಬೊಗಸೆ ನೀರು ನಿಂತಿತ್ತು. ಬಿಸಿಲೇರಿ ಆರಿಹೋಗುವ ಮೊದಲು ತನ್ನ ನೀರಿನಲ್ಲಿ ಎದುರಿನ ಬೆಟ್ಟದ ಒಂದಾದರೂ ಒಳ್ಳೆಯ ಪಟ ತೆಗೆಯಬೇಕೆಂದು ಆ ಗುಂಡಿಯ ಆಸೆ.

"ಹೇಗಿದೆ ನನ್ನ ಪಟ?" ಎಂದಿತು ಗುಂಡಿ.

"ಭೇಷ್! ನಿನ್ನಂಥವರೇ ಇಲ್ಲ!" ಎಂದಿತು ಅಂಚಿನಲ್ಲಿ ಕೂತಿದ್ದ ಕಪ್ಪೆ, ಕಣ್ಣು ಮುಚ್ಚಿಕೊಂಡೇ.

ಪಕ್ಕದ ಕೆರೆ ನಿಧಾನವಾಗಿ ನೋಡಿತು. "ಜಾಗ ಚೆನ್ನಾಗಿ ಹಿಡಿದಿದ್ದೀಯ ಮಗಾ. ಆದರೆ ಅವಸರಕ್ಕೆ ಕೆಸರೆಬ್ಬಿಸಿದ್ದೀಯ, ಬೆಟ್ಟದ ತುದಿಯೇ ಕಾಣುತ್ತಿಲ್ಲ. ಅಲುಗಾಡದೆ ಇರು."

"ನನಗೆಲ್ಲಿದೆ ಅಜ್ಜಿ ಅಷ್ಟು ಹೊತ್ತು?" ಎಂದು ಗೊಣಗಿದರೂ ಗುಂಡಿ ಸುಮ್ಮನಾಯಿತು. ಕೆಸರು ತಳಕ್ಕಿಳಿಯಿತು. ಇಡೀ ಬೆಟ್ಟ, ಅದರ ನೆತ್ತಿಯ ಮೋಡ, ಮೋಡದಡಿ ತೇಲುವ ಹದ್ದು, ಎಲ್ಲವೂ ಆ ಬೊಗಸೆ ನೀರಿಗೆ ಇಳಿದುಬಂದವು.

ಕೆರೆ ಒಮ್ಮೆ ಆ ಪಟವನ್ನು, ಒಮ್ಮೆ ತನ್ನದನ್ನು ನೋಡಿಕೊಂಡಿತು. ಕೊನೆಗೆ ಮೆಲ್ಲಗೆ ಹೇಳಿತು: "ನೂರು ವರ್ಷದಿಂದ ಇದೇ ಬೆಟ್ಟದ ಪಟ ತೆಗೀತಿದ್ದೀನಿ. ನನ್ನದನ್ನೂ ಸ್ವಲ್ಪ ನೋಡಿ ಹೇಳು ಮಗಾ, ಎಲ್ಲಿ ಎಡವಿದ್ದೀನಿ?"