ಪಂಜು ಆರಿಸಿದ ಓಬಜ್ಜ

ಯಾವ ಕಾಲವೋ ಏನೋ, ನನ್ನ ಅಜ್ಜಿಯ ಅಜ್ಜಿಯೂ ಕಂಡಿದ್ದಲ್ಲ. ಈ ಕೋಟೆಗೆ ಒಬ್ಬ ನಾಯಕ ಇದ್ದನಂತೆ. ಬುರುಜಿಗೊಂದು, ಬಾಗಿಲಿಗೊಂದು, ಬೀದಿಬೀದಿಗೂ ಪಂಜು ಉರಿಸಿದನಂತೆ. ದೂರದೂರಿನವರು ನೋಡಿ ಮೂಗಿನ ಮೇಲೆ ಬೆರಳಿಡಬೇಕು, ಅಷ್ಟೇ ಅವನ ಆಸೆ. ಪಂಜಿಗೆ ಎಣ್ಣೆ ಹೊಯ್ಯುವವನು ಓಬಜ್ಜ. ಹೆಂಡತಿ ಮಾರಕ್ಕ ಸತ್ತು, ಒಂಟಿ ಮುದುಕ.

ಮಹಾಲಯ ಅಮಾವಾಸ್ಯೆ ಬಂತು. ಸತ್ತ ಹಿರಿಯರಿಗೆ ಎಡೆ ಇಟ್ಟು, ಅವರು ಉಂಡುಹೋಗಲಿ ಅಂತ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕೂರುತ್ತೇವಲ್ಲ, ಹಾಗೇ ಕೂತರಂತೆ. ಬಾಗಿಲು ತೆಗೆದರೆ ಯಾವ ಮನೆಯಲ್ಲೂ ಒಂದು ಅಗುಳೂ ಅಲುಗಿರಲಿಲ್ಲ. ಹಿರಿಯರಿಗೆ ದಾರಿ ಕಾಣಲಿಲ್ಲವೇನೋ ಅಂದುಕೊಂಡು ಮರುವರ್ಷ ಇನ್ನಷ್ಟು ಪಂಜು ಕಟ್ಟಿದರಂತೆ. ಬುದ್ಧಿ ನೋಡಿ!

ಆ ಮರುವರ್ಷದ ಮಹಾಲಯದ ಸಂಜೆ ಓಬಜ್ಜ ಮನೆಯಲ್ಲಿ ಒಂದು ಎಡೆ ಇಟ್ಟು ಬುರುಜು ಹತ್ತಿದ. ಬಗ್ಗಿ ನೋಡಿದರೆ, ಕೋಟೆಯ ಆಚೆ ಬೆಳಕು ಮುಗಿಯುವಲ್ಲಿ ಸಾಲುಸಾಲು ಜನ ನಿಂತಿದ್ದರಂತೆ. ಸದ್ದಿಲ್ಲ. ಎಲ್ಲರೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಿದ್ದರಂತೆ. ನಡುವೆ ಮಾರಕ್ಕ, ಮಣ್ಣು ಮಾಡಿದ ದಿನದ ಸೀರೆಯಲ್ಲೇ.

"ಬಾರೇ, ಎಡೆ ಇಟ್ಟಿದೀನಿ" ಅಂದನಂತೆ ಓಬಜ್ಜ.

"ಕಣ್ಣು ಉರೀತೈತೆ, ಹೆಂಗ್ ಬರ್ಲಿ? ಹೋದ ವರ್ಷದಿಂದ ಹಸ್ಕೊಂಡಿದೀವಿ" ಅಂದಳಂತೆ, ತುಟಿ ಅಲುಗಿಸದೆ.

ಪಂಜು ಆರಿಸಿದವನ ತಲೆ ತೆಗೆಯಬೇಕೆಂದು ನಾಯಕನ ಕಟ್ಟಪ್ಪಣೆ. ಓಬಜ್ಜನಿಗೆ ಗೊತ್ತಿಲ್ಲವೇ? ಆದರೂ ಒಂದೊಂದೇ ಪಂಜನ್ನು ಮಣ್ಣಿಗೆ ಒತ್ತುತ್ತಾ ಹೋದ. ಬುರುಜಾಯಿತು, ಬಾಗಿಲಾಯಿತು, ಬೀದಿಯಾಯಿತು. ಅವನ ಹಿಂದೆಯೇ ಕತ್ತಲು ಬಂತು, ಕತ್ತಲಿನ ಜೊತೆ ಅವರೂ ಬಂದರಂತೆ. ಮುಚ್ಚಿದ ಬಾಗಿಲುಗಳ ಒಳಗಿಂದ ಎಲೆ ಸರಿದ ಸದ್ದು ಕೇಳಿಸಿತಂತೆ. ಅಯ್ಯೋ, ಹೇಳುವಾಗ ನನಗೇ ಮೈ ಜುಂ ಅನ್ನುತ್ತದೆ.

ನಾಯಕ ಕತ್ತಿ ಹಿರಿದು ಹೊರಟ. ಅಷ್ಟರಲ್ಲಿ ಅರಮನೆಯ ಒಳಕೋಣೆಯಲ್ಲಿ ಯಾರೋ ಕೆಮ್ಮಿದರಂತೆ. ಸತ್ತ ತಾಯಿಯ ಕೆಮ್ಮು. ಅವನು ಕತ್ತಿ ಕೆಳಗಿಟ್ಟು, ತಾಯಿ ಉಂಡೇಳುವ ತನಕ ಹೊಸಿಲ ಹೊರಗೆ ಕೂತನಂತೆ.

ಓಬಜ್ಜ ಮಾತ್ರ ಹೊರಗೆ ಕೂರಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡನಂತೆ. ಬೆಳಿಗ್ಗೆ ಜನ ತೆಗೆದು ನೋಡಿದರೆ ಅವನಿಲ್ಲ. ಉಂಡು ಮಡಚಿದ ಎಲೆ ಎರಡಿದ್ದವಂತೆ.

ಈಗ ಕೋಟೆ ತುಂಬ ಫೋಕಸ್ ಲೈಟು, ನೋಡಲು ಬರುವವರಿಗೆ ಚಂದ ಕಾಣಲಿ ಅಂತ. ಮಹಾಲಯದ ಸಂಜೆ ನಮ್ಮವರು ಅವಕ್ಕೆಲ್ಲ ಗೋಣಿಚೀಲ ಹೊದಿಸಿ ಬರುತ್ತಾರೆ. ಬೀದಿದೀಪವನ್ನೂ ಆರಿಸಿ ಅಂದರೆ ಹೊಸ ಲೈನ್‌ಮನ್ ಹೋದ ವರ್ಷ ನಕ್ಕುಬಿಟ್ಟಿದ್ದ. ಈ ಬೇಸಿಗೆಯಲ್ಲಿ ಅವನ ಅಪ್ಪ ತೀರಿಹೋದ. ಈ ಸಲ ಯಾರೂ ಹೇಳಲಿಲ್ಲ. ಹೊತ್ತು ಮುಳುಗುವ ಮೊದಲೇ ತಾನಾಗಿ ಬಂದು ಊರಿನ ದೀಪವನ್ನೆಲ್ಲ ಆರಿಸಿ, ಓಡೋಡಿ ಮನೆಗೆ ಹೋದ.