ಮೊದಲಿನಿಂದಲೂ ಹೀಗೇ

"ಮಾಸ್ತರೇ, ನಾನು ಈಗ ಹೇಗಿದ್ದೇನೆ ಎಂದು ಹೇಳಲು ಹಳೆಯ ಕಾಲವನ್ನು ಯಾಕೆ ಎಳೆದು ತರಬೇಕು?" ಎಂದು ಫಕೀರಗೌಡ ಕೇಳಿದ.

ಅವನು ತಾಲ್ಲೂಕು ಕಚೇರಿಯ ಗುಮಾಸ್ತ. ಇಂಗ್ಲಿಷ್ ಬಂದರೆ ಬಡ್ತಿ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಸಂಜೆ ಹೊತ್ತು ಗುರುಪಾದ ಮಾಸ್ತರರ ಬಳಿ ಪಾಠಕ್ಕೆ ಬರುತ್ತಿದ್ದ. ಶಾಲೆಯಲ್ಲಿ ಅವನಿಗೆ ಕಲಿಸಿದವರೂ ಅವರೇ. ಅಂದು ನಿನ್ನ ಸ್ವಭಾವದ ಬಗ್ಗೆ ಒಂದು ವಾಕ್ಯ ಹೇಳು ಎಂದದ್ದಕ್ಕೆ ಅವನು, "ಐ ಆಮ್ ಲೈಕ್ ದಿಸ್ ಫ್ರಮ್ ದ ಬಿಗಿನಿಂಗ್" ಎಂದಿದ್ದ. ಮಾಸ್ತರರು ಅದನ್ನು "ಐ ಹ್ಯಾವ್ ಆಲ್ವೇಸ್ ಬೀನ್ ಲೈಕ್ ದಿಸ್" ಎಂದು ತಿದ್ದಿದ್ದರು.

"ಕನ್ನಡದಲ್ಲಿ 'ನಾನು ಮೊದಲಿನಿಂದಲೂ ಹೀಗೇ' ಅಂದರೆ ಮುಗಿಯಿತು. ಒಂದು ಕ್ರಿಯಾಪದವೂ ಬೇಡ. ಇವರಿಗೆ ಹ್ಯಾವ್ ಬೇಕು, ಬೀನ್ ಬೇಕು. ಇಷ್ಟು ಸಾಮಾನು ಯಾತಕ್ಕೆ?"

"ಹೀಗೇ ಅಂದರೆ ಹೇಗೆ?" ಎಂದರು ಮಾಸ್ತರರು.

"ಯಾರ ಮುಂದೆಯೂ ತಪ್ಪಾಯಿತು ಅಂದವನಲ್ಲ."

ಅವನ ಹೆಂಡತಿ ನೀಲವ್ವ ತವರಿಗೆ ಹೋಗಿ ಕೆಲವು ತಿಂಗಳಾಗಿದ್ದವು. ನೆಂಟರ ಎದುರು ಅವನು ಅವಳ ತಂದೆಯನ್ನು ಹೀನಾಯವಾಗಿ ಜರೆದಿದ್ದ. ನೀವೇ ಬಂದು ಅಪ್ಪನಿಗೆ ಒಂದು ಮಾತು ಹೇಳಿ ನನ್ನನ್ನು ಕರೆದುಕೊಂಡು ಹೋಗಿ ಎಂದು ಅವಳು ಹೇಳಿ ಕಳಿಸಿದ್ದಳು. ಹೋದವಳಿಗೆ ಬರುವ ದಾರಿಯೂ ಗೊತ್ತಿದೆ ಎಂದು ಇವನು ಹೇಳಿ ಕಳಿಸಿದ್ದ. ಮರುದಿನ ಬೆಳಿಗ್ಗೆ ಅವಳ ಅಣ್ಣಂದಿರು ಅವಳ ಪೆಟ್ಟಿಗೆ, ಪಾತ್ರೆಗಳನ್ನು ಒಯ್ಯಲು ಬರುವವರಿದ್ದರು. ಇದು ಊರಿಗೆಲ್ಲ ತಿಳಿದಿತ್ತು. ಮಾಸ್ತರರೂ ಅದೇ ಊರಿನಲ್ಲಿದ್ದರು.

ಅವರು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನದು ಮೆಣಸಿನಕಾಯಿ ವ್ಯಾಪಾರ. ಅವನಿಗೆ ಒಬ್ಬ ರೈತ ಗೆಳೆಯನಿದ್ದ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಪಾಟಿಯ ಮೇಲೆ ಅಕ್ಷರ ತಿದ್ದಿದವರು. ರೈತ ಬೆಳೆದ ಕಾಯಿ ಬೇರೆ ಅಂಗಡಿಯ ಮುಖ ನೋಡಿರಲಿಲ್ಲ.

ಮೆಣಸಿನಕಾಯಿಯಲ್ಲಿ ಒಂದು ಮೋಸ ಉಂಟು. ತೂಕ ಬರಲೆಂದು ಕೆಲವರು ನೀರು ಚಿಮುಕಿಸುತ್ತಾರೆ. ಒಂದು ಸಂತೆಯ ದಿನ ವ್ಯಾಪಾರಿ ರೈತನ ಚೀಲಕ್ಕೆ ಕೈ ಹಾಕಿದ. ಕಾಯಿ ಮೆತ್ತಗಿತ್ತು. ಅಂಗಡಿ ತುಂಬ ಜನ. "ನೀನೂ ನೀರು ಹೊಡೆಯಲು ಕಲಿತೆಯಾ?" ಎಂದ. ರೈತ ಚೀಲಗಳನ್ನು ಮತ್ತೆ ಗಾಡಿಗೆ ಹೇರಿಕೊಂಡು ಹೋದ.

ಮಧ್ಯಾಹ್ನದೊಳಗೆ ಬಂದ ಎಲ್ಲರ ಕಾಯಿಯೂ ಮೆತ್ತಗಿತ್ತು. ಹಿಂದಿನ ರಾತ್ರಿ ಇಬ್ಬನಿ ಸುರಿದಿತ್ತು. ವ್ಯಾಪಾರಿಗೆ ಅರ್ಥವಾಯಿತು. ಅವನು ದಡ್ಡನಲ್ಲ. ದಡ್ಡನಾಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು.

"ಹೋಗಿ ಒಂದು ಮಾತು ಹೇಳಿ ಬನ್ನಿ" ಎಂದಳು ಅವನ ಹೆಂಡತಿ.

"ಆಡಿದ ಮಾತು ನುಂಗಿದವನಲ್ಲ ನಾನು. ಮೊದಲಿನಿಂದಲೂ ಹೀಗೇ."

"ಮೊದಲಿನಿಂದ ಅಂದರೆ ಎಂದಿನಿಂದ? ತೊಟ್ಟಿಲಲ್ಲೂ ಮೀಸೆ ತಿರುವುತ್ತಿದ್ದಿರೇನು?"

ವ್ಯಾಪಾರಿಗೆ ನಗು ಬಂತು. ಆದರೂ ಹೋಗಲಿಲ್ಲ. ಅವನು ಕೆಟ್ಟವನಲ್ಲ. ಅಂಥ ಮಾತನ್ನು ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ತಿಳಿಯದು. ಕೊನೆಗೆ ಇಬ್ಬರಿಗೂ ಬೇಕಾದ ಒಬ್ಬ ಗಾಣಿಗನನ್ನು ಕರೆದು, "ಆ ದಿನ ಇಬ್ಬನಿ ಬಿದ್ದಿತ್ತಂತೆ ಎಂದು ಅವನಿಗೆ ತಿಳಿಸು" ಎಂದ.

ಗಾಣಿಗ ತಿಳಿಸಿದ.

"ಇಬ್ಬನಿ ಬಿದ್ದದ್ದು ನನಗೂ ಗೊತ್ತು. ಅವನು ಏನಂದ?" ಎಂದ ರೈತ.

"ಅಷ್ಟೇ ಅಂದ."

"ಹಾಗಾದರೆ ಇಬ್ಬನಿಯ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳು."

ರೈತ ತನ್ನ ಕಾಯಿಯನ್ನು ಬೇರೆ ಅಂಗಡಿಗೆ ಹಾಕತೊಡಗಿದ. ಆದರೆ ದಾರಿ ಬದಲಿಸಲಿಲ್ಲ. ಸಂತೆಯ ದಿನ ವ್ಯಾಪಾರಿಯ ಅಂಗಡಿಯ ಮುಂದೆ ಬಂದಾಗ ಎತ್ತುಗಳ ಹಗ್ಗ ಬಿಗಿ ಹಿಡಿಯುತ್ತಿದ್ದ. ಗಾಡಿ ನಿಧಾನವಾಗುತ್ತಿತ್ತು. ವ್ಯಾಪಾರಿ ತಕ್ಕಡಿಯನ್ನೇ ನೋಡುತ್ತಿದ್ದ. ತಕ್ಕಡಿಯಲ್ಲಿ ಏನೂ ಇರುತ್ತಿರಲಿಲ್ಲ. ಗಾಡಿ ಮುಂದೆ ಹೋಗುತ್ತಿತ್ತು.

ಹೀಗೇ ವರ್ಷಗಳು ಕಳೆದವು. ಊರಿನ ಜನ ಒಳ್ಳೆಯವರು. ವ್ಯಾಪಾರಿಯ ಮಾತು ಬಂದಾಗ, "ಅವರು ಮೊದಲಿನಿಂದಲೂ ಹಾಗೇ" ಎಂದು ಅವನ ಪರ ವಹಿಸುತ್ತಿದ್ದರು. ಬರಬರುತ್ತ ಅದು ಹೊಗಳಿಕೆಯ ಹಾಗೆ ಕೇಳಿಸತೊಡಗಿತು. ಒಂದು ದೋಷವನ್ನು ಸಾಕಷ್ಟು ಕಾಲ ಇಟ್ಟುಕೊಂಡರೆ ಜನ ಅದಕ್ಕೆ ಗುಣ ಎಂದು ಹೆಸರಿಡುತ್ತಾರೆ. ಹೆಸರು ಬಂದ ಮೇಲೆ ಬಿಡುವುದು ಕಷ್ಟ.

ವ್ಯಾಪಾರಿಗೆ ಸುಖವೇನೂ ಇರಲಿಲ್ಲ. ಆ ಗಾಡಿಯ ಸಪ್ಪಳವನ್ನು ಬೀದಿಯ ತಿರುವಿನಲ್ಲೇ ಗುರುತಿಸುತ್ತಿದ್ದ. ಒಮ್ಮೆ ಗಾಡಿ ನಿಧಾನವಾದಾಗ ಗಾದಿ ಬಿಟ್ಟು ಎದ್ದ. ಒಂದು ಕಾಲನ್ನು ಚಪ್ಪಲಿಗೆ ತೂರಿಸಿದ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, "ಸಾವುಕಾರರೇ, ಎಲ್ಲಿಗೆ ಹೊರಟಿರಿ?" ಎಂದ.

"ಎಲ್ಲಿಗೂ ಇಲ್ಲ" ಎಂದು ಅವನು ಮತ್ತೆ ಕುಳಿತ. ಮುಂದಿನ ಸಂತೆಗೆ ನೋಡಿದರಾಯಿತು ಎಂದುಕೊಂಡ.

ಮುಂದಿನ ಸಂತೆಯೊಳಗೆ ಸತ್ತ.

ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದೆ ಹೋಗಬೇಕು. ರೈತ ಬಂದ. ಹೆಣದ ಪಕ್ಕ ಬಹಳ ಹೊತ್ತು ನಿಂತ. ಊರಿನ ಹಿರಿಯರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, "ಮನಸ್ಸಿಗೆ ಹಚ್ಚಿಕೊಳ್ಳಬೇಡಪ್ಪ. ಅವರು ಮೊದಲಿನಿಂದಲೂ ಹಾಗೇ" ಎಂದರು.

ಅದೇ ಮಾತು. ಒಂದು ಅಕ್ಷರವೂ ಬದಲಾಗಿರಲಿಲ್ಲ.

"ಈಗ ಹಾಗೆ ಹೇಳಬಹುದು. ಹೋದ ಸಂತೆಯವರೆಗೆ ನಾನು ಒಪ್ಪಿರಲಿಲ್ಲ" ಎಂದ ರೈತ.

ಮಾಸ್ತರರ ಕತೆ ಮುಗಿಯಿತು. ಫಕೀರಗೌಡ ಇನ್ನೂ ಏನೋ ಇದೆ ಎಂದು ಸ್ವಲ್ಪ ಹೊತ್ತು ಕಾದ.

"ಅವನು ಹೋಗಬೇಕಿತ್ತು ಅನ್ನಿ. ಆದರೆ ನಾನು ಕೇಳಿದ್ದು ವ್ಯಾಕರಣ."

"ನಾನು ಹೇಳಿದ್ದೂ ವ್ಯಾಕರಣವೇ. ನಮ್ಮ 'ಮೊದಲಿನಿಂದಲೂ' ಬದುಕಿರುವವನಿಗೂ ಸತ್ತವನಿಗೂ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ. ಸತ್ತವನಿಗೆ ಬರೀ ವಾಸ್. ಬದುಕಿರುವವನಿಗೆ ಹ್ಯಾವ್ ಬೀನ್. ಇಲ್ಲಿಯವರೆಗೆ ಹೀಗೆ, ಮುಂದಿನದು ಇನ್ನೂ ಆಗಿಲ್ಲ ಎಂದು ಅದರ ಅರ್ಥ."

ಫಕೀರಗೌಡ ತನ್ನ ಅಂಗೈ ನೋಡಿಕೊಂಡ. "ಇಲ್ಲಿಯವರೆಗೆ ಅಂದರೆ ಎಲ್ಲಿಯವರೆಗೆ, ಮಾಸ್ತರೇ?"

"ನಿನಗೆ ಇವತ್ತು, ನೀಲವ್ವನ ಊರಿನ ಏಳೂವರೆ ಬಸ್ಸು ಹೊರಡುವವರೆಗೆ" ಎಂದರು ಮಾಸ್ತರರು.