ಏಳೊಲೆ ಗುಡ್ಡದ ಹೊಗೆ

ಹಾಲಗಡಿ ಹೊಳೆ ದಾಟಿ ಅರ್ಧ ದಿನ ಹತ್ತಿದರೆ ಏಳೊಲೆ ಗುಡ್ಡ ಸಿಗುತ್ತದೆ. ಅಲ್ಲಿ ಗುಡಿಯಿಲ್ಲ, ಶಾಸನವಿಲ್ಲ. ದೂರದಿಂದ ಬಂದವರು 'ಇಷ್ಟೇನಾ?' ಎಂದು ಮೂಗು ಮುರಿಯುವುದೂ ಉಂಟು. ಗಾಳಿ ಬಡಿಯುವ ನೆತ್ತಿಯ ಮೇಲೆ ಸಾಲಾಗಿ ಏಳು ಒಲೆಗಳು, ಒಂದೊಂದಕ್ಕೂ ಮೂರು ಮೂರು ಕಲ್ಲು, ಅಷ್ಟೇ. ಆದರೆ ಕೇತವ್ವನ ಕಥೆ ಕೇಳಿದವರು ಆ ಕಲ್ಲುಗಳಿಗೆ ಕಾಲು ಸೋಕಿಸುವುದಿಲ್ಲ.

ಹಿಂದೆ ಒಮ್ಮೆ ಹೊಳೆಯ ಈಚೆಗೆಲ್ಲ ಸಿರಿವಾಳದ ಚಕ್ರವರ್ತಿಯ ಆಳ್ವಿಕೆಯಿತ್ತು ಎನ್ನುತ್ತಾರೆ. ತಾವು ಪೂಜಿಸುವ ಬೆಟ್ಟವನ್ನು ಅರಮನೆಗಾಗಿ ಒಡೆಯಲು ಒಪ್ಪದ ಕೋಡುಗಲ್ಲು ಕುಲದವರನ್ನು ಆ ಪುಣ್ಯಾತ್ಮ ಗಡಿಯಾಚೆ ಅಟ್ಟಿದನಂತೆ. ಏಳು ಮನೆಯವರು ಈ ನೆತ್ತಿಗೆ ಬಂದರು. ಅದರಲ್ಲೊಂದು ಮನೆ ಒಂಟಿ ಹೆಂಗಸು ಕೇತವ್ವನದು. ಕೆಳಗಿನ ಕುಂಬಾರರ ಮನೆಗೆ ಸೊಸೆಯಾಗಿ ಹೋಗಿದ್ದ ಅವಳ ಮಗಳು ಬೊಳ್ಳಿಗೆ ಮಾತ್ರ ಊರಲ್ಲಿ ಉಳಿಯಲು ಅಪ್ಪಣೆಯಾಯಿತು. ಗಡಿ ದಾಟಿದವರು ಮರಳುವಂತಿರಲಿಲ್ಲ. ಹೊಳೆಯ ದಡದಲ್ಲಿ ಬೊಳ್ಳಿ ತನ್ನ ಎಳೆಗೂಸನ್ನು ಅವುಚಿಕೊಂಡು, "ದಿನಾ ಬೆಳಿಗ್ಗೆ ನಿಮ್ಮ ಒಲೆಗಳ ಹೊಗೆ ನೋಡ್ತೀನವ್ವಾ. ಏಳರಲ್ಲಿ ಒಂದು ಕಾಣದಿದ್ದರೂ ಮಗೂನ ಎತ್ಕೊಂಡು ಬಂದುಬಿಡ್ತೀನಿ" ಎಂದು ಆಣೆಯಿಟ್ಟಳು. ಹುಡುಗಿ ಹಠಮಾರಿ, ಹೇಳಿದಂತೆ ಮಾಡುವವಳೇ ಎಂದು ತಾಯಿಗೆ ಗೊತ್ತಿತ್ತು.

ಎರಡನೆಯ ಚಳಿಗಾಲಕ್ಕೆ ಗುಡ್ಡಕ್ಕೆ ಜ್ವರ ಬಂತು. ಆ ಕುಲದಲ್ಲೊಂದು ಕಟ್ಟಳೆ: ಮನೆ ಬರಿದಾದರೆ ಅದರ ಒಲೆಯನ್ನು ಆರಗೊಡಬೇಕು, ತಣ್ಣಗಾದ ಬೂದಿಯ ಮುಂದೆ ಕೂತು ಅಳಬೇಕು. ಬೂದಿ ತಣ್ಣಗಾಗದೆ ಸತ್ತವರಿಗಾಗಿ ಕಣ್ಣೀರು ಹಾಕುವಂತಿಲ್ಲ. ಮೊದಲು ಬರಿದಾದದ್ದು ಕೇತವ್ವನ ತಮ್ಮನ ಮನೆ. ಮುಂಜಾನೆ ಅವಳು ಅವನ ಒಲೆಯ ಮುಂದೆ ಕೊಳ್ಳಿ ಹಿಡಿದು ನಿಂತಳು. ಆರಗೊಟ್ಟರೆ ಮಗಳು ಕೂಸಿನೊಂದಿಗೆ ಈ ಜ್ವರದೊಳಕ್ಕೇ ನಡೆದುಬರುತ್ತಾಳೆ. "ಬೈಕೋಬೇಡ ತಮ್ಮಾ, ನಿನಗೆ ಆಮೇಲೆ ಅಳ್ತೀನಿ" ಎಂದು ಉರಿ ಹಚ್ಚಿ, ದಟ್ಟ ಹೊಗೆಯೇಳಲೆಂದು ಹಸಿಸೊಪ್ಪು ಹಾಕಿದಳು. ತಿಂಗಳು ತುಂಬುವಷ್ಟರಲ್ಲಿ ಆರು ಮನೆಗಳು ಬರಿದಾದವು, ಆರೂ ಒಲೆ ಅವಳ ಪಾಲಿಗೆ ಬಂದವು. ಜ್ವರ ಹೋದ ಮೇಲೂ ಅವಳು ನಿಲ್ಲಿಸಲಿಲ್ಲ. ಮಗಳು ಒಮ್ಮೆ ಗಡಿ ದಾಟಿ ಬಂದರೆ ಹಿಂದಿರುಗುವ ದಾರಿಯಿಲ್ಲವಲ್ಲ. ಹೀಗೆ ಒಂಬತ್ತು ವರ್ಷ. ಮಳೆಯಲ್ಲಿ ಕಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದಳಂತೆ, ತಾನು ನೆನೆದರೂ ಸರಿ ಅದು ನೆನೆಯಬಾರದೆಂದು. ಅಯ್ಯೋ, ಎಂಥ ಗುಂಡಿಗೆಯಪ್ಪ ಆ ಹೆಂಗಸಿನದು!

ಕೊನೆಗೂ ಚಕ್ರವರ್ತಿ ಸತ್ತ. ಅವನ ಮಗ ಅಪ್ಪಣೆಯನ್ನು ಹಿಂತೆಗೆದ. ಬೊಳ್ಳಿ ಏಳು ಮನೆಗೂ ಒಂದೊಂದು ಹೊಸ ಕುಡಿಕೆ ಹೊತ್ತು, ಏದುಸಿರು ಬಿಡುತ್ತ ಹತ್ತಿಬಂದಳು. ಏಳೂ ಒಲೆ ಹೊಗೆಯಾಡುತ್ತಿದ್ದವು, ಇದ್ದವಳು ಮಾತ್ರ ತಲೆ ನೆರೆತ ಒಬ್ಬಳೇ ಮುದುಕಿ.

"ಸೋದರಮಾವ ಎಲ್ಲವ್ವಾ? ದೊಡ್ಡವ್ವ ಎಲ್ಲಿ?"

"ಎಲ್ಲರೂ ಹೋಗಿ ಒಂಬತ್ತು ವರ್ಷ ಆಯ್ತು ಮಗಳೇ."

ಬೊಳ್ಳಿ ಕುಡಿಕೆಗಳನ್ನು ಅಲ್ಲೇ ಕೆಳಗಿಟ್ಟು ತಾಯಿಯ ತೋಳು ಹಿಡಿದು ಅಲುಗಿಸಿದಳು. "ಒಂದೇ ಒಂದು ಒಲೆ ಆರಿದ್ದರೆ ಓಡಿ ಬರ್ತಿದ್ದೆನಲ್ಲವ್ವಾ!"

"ಅದಕ್ಕೇ ಆರಗೊಡಲಿಲ್ಲ."

ಆ ದಿನ ಕೇತವ್ವ ಯಾವ ಒಲೆಗೂ ಸೌದೆ ಹಾಕಲಿಲ್ಲ. ತಮ್ಮನ ಒಲೆಯ ಬೂದಿ ತಣ್ಣಗಾಗುವವರೆಗೆ ಕಾದು, ಅದರ ಮುಂದೆ ಕುಕ್ಕರುಬಡಿದು, ಒಂಬತ್ತು ವರ್ಷ ನುಂಗಿಕೊಂಡಿದ್ದನ್ನೆಲ್ಲ ಅತ್ತಳು. ಆಮೇಲೆ ಮುಂದಿನ ಒಲೆಗೆ ಹೋದಳು. ಆರನೆಯದಕ್ಕೆ ಬರುವಷ್ಟರಲ್ಲಿ ದನಿ ಬಿದ್ದುಹೋಗಿ, ಅವಳ ಬದಲು ಮಗಳು ಅತ್ತಳು ಎನ್ನುತ್ತಾರೆ.

ಈಗಲೂ ಗುಡ್ಡಕ್ಕೆ ಹೋದವರಿಗೆ ಒಲೆಯಿಂದ ಒಲೆಗೆ ಹುಲ್ಲು ಹುಟ್ಟದ ಒಂದು ಕಾಲುದಾರಿ ಕಾಣುತ್ತದೆ. ಒಬ್ಬರು ನಡೆಯುವಷ್ಟೇ ಅಗಲ.